ಇಂಗ್ಲೆಂಡಿನ ಕದಿರು

ಕೊಲ್ಲಿ ದೇಶದ ಅದ್ಲಿಯಾದಲ್ಲಿರುವ ನನ್ನ ಮಗಳ ಫ್ಲ್ಯಾಟಿಗೆ ಚಹಾಕ್ಕೆ ಬರುವ ಕರಾವಳಿಯ ಹೆಂಗಸರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. "ನಿಮಗೆಂತ ಆಂಟಿ, ಇಂಗ್ಲೆಂಡಿನ ಹಳ್ಳಿಯಲ್ಲಿ ಬೆಳೆದವರು. ಸ್ವಲ್ಪ ಹೇಳಿ ಮಾರಾಯ್ರೆ." ನಾನು ಬ್ಲ್ಯಾಕ್‌ಬೆರಿ ಪೊದೆ, ಹಾಲಿನ ಬಾಟಲಿಯ ಮೇಲೆ ಕೂರುವ ಹಿಮ, ಅಲ್ಲಿ ಡಾಕ್ಟರಾಗಿದ್ದ ಅಪ್ಪನ ಸೈಕಲ್ಲು ಎಲ್ಲ ಹೇಳುತ್ತೇನೆ. ಕದಿರಿನ ಸಂಗತಿ ಮಾತ್ರ ಹೇಳಿಲ್ಲ.

ಅಲ್ಲಿ ಕೊಯ್ಲು ಮುಗಿದ ಮೇಲೆ ಚರ್ಚಿನಲ್ಲಿ ಹಾರ್ವೆಸ್ಟ್ ಫೆಸ್ಟಿವಲ್. ಶಾಲೆಯ ಮಕ್ಕಳು ತಂತಮ್ಮ ಮನೆಯಿಂದ ಆಪಲ್, ಕುಂಬಳ, ಜಾಮ್ ಒಯ್ದು ಮೊದಲೇ ಟೀಚರಿಗೆ ಕೊಡಬೇಕು. ಅಮ್ಮನಿಗೆ ಸಂಭ್ರಮ. "ಇದು ನಮ್ಮ ಕದಿರು ಕಟ್ಟುವ ಹಬ್ಬವೇ ಅಲ್ವಾ ಮಗಾ" ಎಂದಳು. ಊರಿನಲ್ಲಿ ಹೊಸ ಭತ್ತದ ತೆನೆಗಳನ್ನು ಎಲೆಯಲ್ಲಿ ಸುತ್ತಿ ಬಾಗಿಲಿಗೆ ಕಟ್ಟುವವರು ನಾವು. ಅಮ್ಮ ಸೀರೆಯ ಮೇಲೆ ಓವರ್‌ಕೋಟ್ ಹಾಕಿಕೊಂಡು ಹೋಗಿ, ಕೊಯ್ದ ಹೊಲದಲ್ಲಿ ಬಿದ್ದಿದ್ದ ಗೋಧಿ ತೆನೆ ಆಯ್ದು ತಂದಳು. ಮಾವಿನೆಲೆ ಇಲ್ಲದ್ದಕ್ಕೆ ಆಪಲ್ ಎಲೆ ಸುತ್ತಿ, ಅರಿಶಿನ ಹಚ್ಚಿದ ನೂಲಿನಿಂದ ಕಟ್ಟಿ ನನ್ನ ಕೈಗಿಟ್ಟಳು.

ಆ ಹೊಲ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿಯ ಅಪ್ಪನದು. ಅವರು ಬಿಟ್ಟುಹೋದದ್ದನ್ನೇ ಹೆಕ್ಕಿ ಅವರೆದುರು ಕಾಣಿಕೆ ಇಡುವುದೇ? ಶಾಲೆಯ ದಾರಿಯ ಚರಂಡಿಗೆ ಎಸೆದುಬಿಟ್ಟೆ. ಬೆರಳಿನ ಅರಿಶಿನವನ್ನು ಸಾಕ್ಸಿಗೆ ಒರೆಸಿದೆ.

ಭಾನುವಾರ ಅಮ್ಮ ಚರ್ಚಿಗೇ ಬಂದಳು. ಮೇಜಿನುದ್ದಕ್ಕೂ ಕಣ್ಣಾಡಿಸಿ, "ನಮ್ದೆಲ್ಲಿ?" ಎಂದಳು.

"ಹಿಂದೆ ಇಟ್ಟಿದ್ದಾರೆ."

ಅಷ್ಟರಲ್ಲಿ ನಮ್ಮ ಟೀಚರ್ ಬಂದರು. ಅಮ್ಮ ತನಗೆ ಬರುತ್ತಿದ್ದ ನಾಲ್ಕು ಮಾತಿನ ಇಂಗ್ಲಿಷಿನಲ್ಲಿ, "ಥ್ಯಾಂಕ್ಯೂ ಮಿಸ್, ಅವರ್ ವೀಟ್" ಎಂದಳು. ಮಿಸ್ ನನ್ನ ಮುಖ ನೋಡಿದರು. ಅವರಿಗೆ ಎಲ್ಲ ತಿಳಿಯಿತು. "ಲವ್ಲಿ," ಎಂದರು, "ಇಟ್ ವಾಸ್ ಲವ್ಲಿ."

ನಮ್ಮ ಕದಿರು ಇಂಗ್ಲಿಷರ ದೇವರಿಗೂ ಸಂದಿತು ಎಂದು ಅಮ್ಮ ಅಜ್ಜಿಗೆ ಕಾಗದ ಬರೆದಳು. ಕೊನೆಯಲ್ಲಿ ನನ್ನ ಕೈಯಿಂದಲೂ ಒಂದು ಸಾಲು ಬರೆಸಿದಳು: ನಾನೇ ಕೊಂಡುಹೋದೆ ಅಜ್ಜಿ.

ಮುಂದೆ ನಾನು ಓದಿದ ಮಂಗಳೂರಿನ ಕಾನ್ವೆಂಟಿನಲ್ಲಿ ಹಿಂದೂ ಹುಡುಗಿಯರಿಗೆ ಕನ್ಫೆಷನ್ ಇರಲಿಲ್ಲ. ಇದ್ದಿದ್ದರೆ ಇದನ್ನು ಅಲ್ಲೇ ಮುಗಿಸುತ್ತಿದ್ದೆನೋ ಏನೋ.

ಚಿಕ್ಕವಳು, ತಿಳಿಯದೆ ಮಾಡಿದೆ ಎನ್ನುವ ಹಾಗೂ ಇಲ್ಲ. ಮರುವರ್ಷ ಅಮ್ಮ ಎರಡು ಕಟ್ಟು ಮಾಡಿದಳು. ಒಂದು ದೇವರಿಗೆ, ಇನ್ನೊಂದು ಮಿಸ್‌ಗೆ. "ಪಾಪ, ಅಷ್ಟು ಚಂದ ಹೇಳಿದ್ರಲ್ಲ." ಎರಡನ್ನೂ ಎಸೆದೆ. ಈ ಸಲ ಚರ್ಚಿಗೆ ದೊಡ್ಡವರು ಬರುವ ಹಾಗಿಲ್ಲವಂತೆ, ಮಕ್ಕಳಿಗೆ ಮಾತ್ರವಂತೆ ಎಂದು ಒಂದು ವಾರ ಮೊದಲೇ ಅಮ್ಮನಿಗೆ ಹೇಳಿಟ್ಟಿದ್ದೆ.