ಹೊಸ್ತಿನ ಎಲೆಯಿಂದ ಎದ್ದುಹೋದ ಅತ್ತೆ

ಹೊಸ ಅಕ್ಕಿ ಅಂಗಡಿಯ ಚೀಲದಲ್ಲಿ ಬಾರದೆ ಮನೆಯ ಯಜಮಾನನ ತಲೆಯ ಮೇಲೆ ಬರುತ್ತಿದ್ದ ಕಾಲ ಅದು. ಗುಲ್ವಾಡಿಯ ಹೊಳೆಯಿಂದ ಈಚೆಗಿನ ನಮ್ಮೂರಿನಲ್ಲಿ, ಮಳೆ ಬಿಟ್ಟು ಹೊಳವಾಗಿ ಬೈಲಿನ ತೆನೆಗಳು ಬಾಗುವ ಹೊತ್ತಿಗೆ ಒಳ್ಳೆಯ ದಿನ ನೋಡಿ ಹೊಸ್ತು ಮಾಡುತ್ತಿದ್ದರು. ಯಜಮಾನ ಮಿಂದು, ಗದ್ದೆಯಲ್ಲಿ ಕಾಯಿ ಒಡೆದು, ಒಂದು ಹಿಡಿ ಕದಿರು ಕೊಯ್ದು, ಹರಿವಾಣದಲ್ಲಿಟ್ಟು, ಯಾರೊಡನೆಯೂ ಮಾತಾಡದೆ ಹೊತ್ತು ತರುತ್ತಿದ್ದ. ಅದನ್ನು ಮಾವಿನ ಎಲೆಯಲ್ಲಿ ಸುತ್ತಿ ಕಂಬಕ್ಕೆ, ನೊಗಕ್ಕೆ, ಒನಕೆಗೆ ಕಟ್ಟುವುದು ಮಕ್ಕಳ ಕೆಲಸ. ಎಳೆ ಭತ್ತದ ಹಾಲಿನ ವಾಸನೆ ಸಂಜೆಯವರೆಗೂ ಬೆರಳಿನಲ್ಲಿ ಉಳಿಯುತ್ತಿತ್ತು. ಮಧ್ಯಾಹ್ನ ಹೊಸ ಅಕ್ಕಿ ಬೆರೆಸಿದ ಅನ್ನ, ಪಾಯಸ. ಎಲೆಯ ಮುಂದೆ ಕೂತ ಪ್ರತಿಯೊಬ್ಬರೂ ತುತ್ತೆತ್ತುವ ಮೊದಲು ಯಜಮಾನನಲ್ಲಿ "ಹೊಸ್ತ್ ಉಂತೆ" ಎಂದು ಅಪ್ಪಣೆ ಕೇಳಬೇಕು. ಅವನು "ಉಣ್ಣ್" ಎನ್ನಬೇಕು. ಅಷ್ಟಾಗದೆ ಯಾರೂ ಉಣ್ಣುವಂತಿರಲಿಲ್ಲ.

ನಮ್ಮ ಯಜಮಾನನೆಂದರೆ ಸೋದರಮಾವ, ಅಮ್ಮಮ್ಮನ ಒಬ್ಬನೇ ಮಗ. ನಮ್ಮದು ಅಳಿಯಸಂತಾನದ ಮನೆ. ಗದ್ದೆ ತಾಯಿಯಿಂದ ಮಗಳಿಗೆ ಇಳಿಯುವುದು, ನೋಡಿಕೊಳ್ಳುವುದು ಮಾತ್ರ ಗಂಡಸು. ನನಗೆ ಒಂಬತ್ತು ವರ್ಷವಿದ್ದಾಗ, ಆಸಾಡಿ ತಿಂಗಳ ಮಳೆಯಲ್ಲಿ, ಮಾವ ಜ್ವರದಿಂದ ತೀರಿಕೊಂಡ. ಒಂದು ಸಾಲನ್ನೂ ಬರೆದಿಟ್ಟಿರಲಿಲ್ಲ. ಬರೆದಿಡುವುದಕ್ಕೆ ಏನಿದೆ ಎಂಬುದು ಆಗಿನವರ ಎಣಿಕೆ. ಆದರೆ ಸತ್ತವನ ಪಾಲು ಹೆಂಡತಿ ಮಕ್ಕಳಿಗೂ ಹೋಗುತ್ತದೆ ಎನ್ನುವ ಹೊಸ ಕಾನೂನು ಬಂದಿತ್ತು. ಗದ್ದೆಯೆಲ್ಲ ಹೋಗುತ್ತದೆಯೋ, ಅರ್ಧವೋ, ಏನೂ ಇಲ್ಲವೋ ಎಂದು ನಮ್ಮೂರಲ್ಲಿ ಸರಿಯಾಗಿ ಹೇಳಬಲ್ಲವರು ಇರಲಿಲ್ಲ. ಹೇಳದೆ ಸುಮ್ಮನಿದ್ದವರೂ ಇರಲಿಲ್ಲ.

ಮಾವನ ಹೆಂಡತಿ, ನನ್ನ ಅತ್ತೆ, ಶಿರೂರಿನ ಕಡೆಯವಳು. ಅಮ್ಮಮ್ಮನೇ ಇಷ್ಟಪಟ್ಟು ಅವಳನ್ನು ನಮ್ಮ ಮನೆಯಲ್ಲೇ ಇರಿಸಿಕೊಂಡಿದ್ದಳು. ಗಂಡ ಸತ್ತ ಮೇಲೆ ತವರಿಗೆ ಹೊರಡುವುದು ಹಳೆಯ ರೂಢಿ. ಅತ್ತೆ ಹೊರಡಲಿಲ್ಲ. ಅವಳ ಹಿರಿಯ ಮಗ ಸುಧಾಕರ ನನಗಿಂತ ಎರಡು ವರ್ಷ ದೊಡ್ಡವನು. ನೆರೆಮನೆಯ ಪದ್ದಕ್ಕ ನಮ್ಮಿಬ್ಬರನ್ನೂ ಬಾವಿಕಟ್ಟೆಯ ಹತ್ತಿರ ಕಂಡಾಗಲೆಲ್ಲ ಕೂಗುತ್ತಿದ್ದಳು:

"ಹ್ವಾಯ್, ಈ ಹೆಣ್ಣನ್ನ್ ಆ ಗಂಡಿಗೆ ಕೊಟ್ಬಿಡಿ ಕಾಂಬ. ಗದ್ದಿಯೂ ಉಳಿತ್ತ್, ಒಲಿಯೂ ಒಂದೇ ಸಾಕ್!"

"ನಂಗೆ ಬ್ಯಾಡ," ಎನ್ನುತ್ತಿದ್ದ ಸುಧಾಕರ. "ಅದ್ ಕಚ್ಚತ್ತ್."

ಸಾವಾದ ವರ್ಷ ಹಬ್ಬವಿಲ್ಲ. ಆದರೆ ಹುಲ್ಲಿನಲ್ಲಿ ಕಟ್ಟಿಟ್ಟ ಹಳೆಯ ಅಕ್ಕಿಯ ಕೊನೆಯ ಮುಡಿ ಬಿಚ್ಚಿಯಾಗಿತ್ತು. ಹೊಸ್ತು ಮಾಡದೆ ಹೊಸ ಅಕ್ಕಿ ಮುಟ್ಟುವಂತಿರಲಿಲ್ಲ. ಹಿಂದಿನ ದಿನ ಅಬ್ಬಿ, ಎಂದರೆ ನನ್ನ ತಾಯಿ, ಅಮ್ಮಮ್ಮನನ್ನು ಕೇಳಿದಳು: "ಅಮ್ಮ, ನಾಳೆ ಕದ್ರ್ ಕೊಯ್ವುದ್ ಯಾರ್?"

"ಕೊಯ್ವವ ಹೋದ ಅಲ್ದಾ," ಎಂದಳು ಅಮ್ಮಮ್ಮ.

ಕದಿರು ಕೊಯ್ದವರದ್ದೇ ಗದ್ದೆ ಎಂದು ಊರು ತಿಳಿಯುತ್ತದೆ ಎಂಬುದು ಅಬ್ಬಿಗೂ ಅತ್ತೆಗೂ ಗೊತ್ತಿತ್ತು. ಬೆಳಿಗ್ಗೆ ಅಬ್ಬಿ ನನ್ನನ್ನು ಮೀಯಿಸಿ ಕೈಗೆ ಕತ್ತಿ ಕೊಟ್ಟಳು. "ನೀ ಇದ್ರೆ ಮನಿ ಇತ್ತ್. ಬಾಯಿ ಬಿಡ್ಬೇಡ, ಕೊಯ್ಕಂಡ್ ಬಾ." ಆ ಮನೆಯ ಸಂತಾನಕ್ಕೆ ಇದ್ದ ಒಂದೇ ಹೆಣ್ಣುಮಗು ನಾನು. ಗದ್ದೆಗೆ ಹೋಗಿ ನೋಡಿದರೆ ಸುಧಾಕರ ಆಗಲೇ ನಿಂತಿದ್ದ. ಅಪ್ಪನ ಮುಂಡಾಸು ಜಾರಿ ಕಣ್ಣು ಮುಚ್ಚಿತ್ತು. ಹಿಂದೆ ಅತ್ತೆ. ಅಬ್ಬಿಯೂ ಅತ್ತೆಯೂ ಅಂಚಿನ ಮೇಲೆ ಎದುರುಬದುರು ನಿಂತರು. ನನಗೆ ಅಳು ಬಂದಿತ್ತು, ಯಾಕೆಂದು ತಿಳಿಯುತ್ತಿರಲಿಲ್ಲ.

ಕೊನೆಗೆ ಅತ್ತೆಯೇ ಹೇಳಿದಳು: "ಅತ್ತಿಗಿ, ನಾವ್ ಹೀಂಗೇ ನಿಂತ್ಕಂಡ್ರೆ ಕದ್ರೆಲ್ಲ ಗಿಣಿಗೆ. ಇಬ್ರೂ ಕೊಯ್ಲಿ."

ಇಬ್ಬರೂ ಕೊಯ್ದೆವು. ಒಂದೇ ಹರಿವಾಣವನ್ನು ಎರಡು ಕಡೆ ಹಿಡಿದು ತಂದೆವು. ಬಾಗಿಲಲ್ಲಿ ಅಮ್ಮಮ್ಮ ಇಬ್ಬರ ಕಾಲಿಗೂ ನೀರು ಹೊಯ್ದಳು. ಇದು ನಾನು ಕಂಡದ್ದು. ಅತ್ತೆ ಕದಿರು ಕದ್ದಳು ಎಂದು ಮುಂದೆ ನಮ್ಮ ಮನೆಯಲ್ಲಿ ಹುಟ್ಟಿಕೊಂಡ ಕತೆಯನ್ನು ನಾನು ಅಂದೂ ಒಪ್ಪಿಲ್ಲ, ಇಂದೂ ಒಪ್ಪುವುದಿಲ್ಲ.

ಮಧ್ಯಾಹ್ನ ಎಲೆ ಹಾಕಿದರು. ಹಿರಿಯಳಾಗಿ ಉಳಿದದ್ದು ಅಮ್ಮಮ್ಮ ಒಬ್ಬಳೇ. ಅತ್ತೆ ಮೊದಲು ಅಮ್ಮಮ್ಮನಲ್ಲಿ ಕೇಳಿದಳು: "ಅತ್ತೆ, ಹೊಸ್ತ್ ಉಂತೆ."

ಅಮ್ಮಮ್ಮ ತನ್ನ ಎಲೆಯನ್ನೇ ನೋಡುತ್ತ ಕೂತಳು. ಅನ್ನದ ಹಬೆ ಇಳಿಯಿತು. ಅತ್ತೆ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಕೇಳಿದಳು. ಉತ್ತರವಿಲ್ಲ. ಅತ್ತೆ ಎದ್ದಳು. ಬೈಯಲಿಲ್ಲ, ಅಳಲಿಲ್ಲ. ಕೈ ತೊಳೆದು ಒಳಗೆ ಹೋದವಳು ಹೊರಬಂದದ್ದು ಗಂಟು ಹಿಡಿದುಕೊಂಡೇ. ಸುಧಾಕರ ಅವಳ ಹಿಂದೆ ನಡೆದ, ಚಿಕ್ಕ ಮಗ ಪಾಯಸ ಪಾಯಸ ಎನ್ನುತ್ತಲೇ ಅವಳ ಸೊಂಟದಲ್ಲಿ ಹೋದ. ಅಬ್ಬಿ ಆ ಎಲೆಗಳನ್ನು ತೆಗೆಯಲು ಬಗ್ಗಿದಾಗ ಅಮ್ಮಮ್ಮ, "ಎಲಿ ತೆಗೀಬೇಡ," ಎಂದಳು. ಬಡಿಸಿದ ಎಲೆಗಳು ಸಂಜೆಯವರೆಗೂ ಹಾಗೆಯೇ ಇದ್ದವು. ನಾವು ಯಾರೂ ಉಣ್ಣಲಿಲ್ಲ.

ಶಿರೂರಿನಿಂದ ವಕೀಲರ ನೋಟೀಸು ಬಂತು. ಉಣ್ಣುವ ಎಲೆಯಿಂದ ಎಬ್ಬಿಸಿ ಹೊರಹಾಕಿದರು ಎಂದು ಅವರ ಕಡೆಯ ಮಾತು. ಮೊದಲೇ ಗಂಟು ಕಟ್ಟಿ, ನೆವ ಹುಡುಕಿ ಹೋದಳು ಎಂದು ನಮ್ಮವರ ಮಾತು. ಒಂದೆರಡು ವರ್ಷದ ಮೇಲೆ ನಾನು ಅಮ್ಮಮ್ಮನನ್ನೇ ಕೇಳಿದೆ: "ಅತ್ತೆಗೆ ಉಣ್ಣ್ ಅಂದಿಲ್ಲೆ ಎಂತಕ್ಕೆ?"

"ಅದ್ ನಾ ಹೇಳುದಾ? ಅವ ಹೇಳುದ್," ಎಂದಳು.

ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದ ಅಬ್ಬಿ, "ಕಂಡ್ಯಾ, ಅಮ್ಮಂಗೆ ಗದ್ದಿ ಕೊಡುಕೆ ಮನ್ಸಿಲ್ಲೆ," ಎಂದಳು. ನನಗೆ ಹಾಗೆ ಕೇಳಿಸಲಿಲ್ಲ. ಹುಟ್ಟಿದಂದಿನಿಂದ ಅಣ್ಣನೋ ಮಾವನೋ ಮಗನೋ ಅಪ್ಪಣೆ ಕೊಟ್ಟದ್ದನ್ನೇ ಕಂಡ ಹೆಂಗಸು ಅಮ್ಮಮ್ಮ. ತಾನು "ಉಣ್ಣ್" ಎಂದುಬಿಟ್ಟರೆ ಆ ಜಾಗದಲ್ಲಿ ಮಗನಿಲ್ಲ ಎಂದು ಒಪ್ಪಿದಂತಾಗುವುದಿತ್ತೇ? ಅಥವಾ ಅಬ್ಬಿ ಹೇಳಿದ್ದೇ ನಿಜವೇ? ಹಾಗಿದ್ದರೆ ಆ ಎಲೆಗಳನ್ನು ಯಾಕೆ ಇಟ್ಟುಕೊಂಡಳು? ಶಾಲೆ ಐದನೆಯದಕ್ಕೇ ನಿಂತರೂ ಮುಂದೆ ನಾನೇ ಕಾನೂನಿನ ಪುಸ್ತಕ ತರಿಸಿ, ಅರ್ಥವಾಗದ ಕಡೆ ನಾಲ್ಕು ನಾಲ್ಕು ಸಲ ಓದಿದೆ. ಮಾವನ ಪಾಲಿನಲ್ಲಿ ಅತ್ತೆಗೂ ಮಕ್ಕಳಿಗೂ ಹಕ್ಕಿತ್ತು, ಅಮ್ಮಮ್ಮನಿಗೂ ಇತ್ತು, ಉಳಿದದ್ದು ನಮ್ಮದು. ಎರಡು ಕಡೆಯವರೂ ಸರಿಯಿದ್ದರು. ಅಷ್ಟು ತಿಳಿದರೂ ಆ ಮೌನ ಏನೆಂದು ನನಗೆ ತಿಳಿದಿಲ್ಲ.

ಮೊಕದ್ದಮೆ ಇಬ್ಬರಿಗೂ ಸಾಕಾಗಿ ನಿಂತುಹೋಯಿತು. ಪಾಲು ಆಗಲಿಲ್ಲ. ಪಹಣಿಯಲ್ಲಿ ಇಂದಿಗೂ ಮಾವನ ಹೆಸರು. ಅವರು ಉಳಲು ಬಂದರೆ ನಾವು ತಡೆದೆವು, ನಾವು ಇಳಿದರೆ ಅವರು. ಉಳುವವರಿಲ್ಲದೆ ಗದ್ದೆ ಹಡಿಲು ಬಿತ್ತು. ಈಗ ಪಕ್ಕದ ಜಾಗ ಕೊಂಡವರು ಕೆಂಪು ಕಲ್ಲಿನ ಗೋಡೆ ಕಟ್ಟಿಸುತ್ತಿದ್ದಾರೆ. ಅದು ನಮ್ಮೊಳಗೆ ಬಂದಿದೆ ಎಂದು ನನ್ನ ಅನುಮಾನ. ಮುಂಬೈಯ ಹೋಟೆಲು ಮಕ್ಕಳಿಗೆ ಬಿಟ್ಟು ಊರಿಗೆ ಬಂದಿರುವ ಸುಧಾಕರನಿಗೆ ನಾನೇ ಫೋನು ಮಾಡಿದೆ. ಅವನು ಬಂದ. ಸರ್ವೇಯರನೂ ಬಂದ.

"ನಿಮ್ ಗದ್ದಿ ಅಂಚ್ ಎಲ್ಲಿ? ತೋರ್ಸಿ ಕಾಂಬ," ಎಂದ ಸರ್ವೇಯರು.

ಎದೆಯೆತ್ತರದ ಪೊದೆಯಲ್ಲಿ ನಾನು ಒಂದು ತಾಳೆಮರದ ಕಡೆ ಕೈ ಮಾಡಿದೆ.

"ಅಲ್ಲ ಲಲಿತಾ, ಅಲ್ಲಲ್ಲ. ಈ ತೋಡಿನ್ ಬದಿ," ಎಂದು ಸುಧಾಕರ ಇನ್ನೊಂದು ಕಡೆಯ ಸಣ್ಣ ಕಾಲುವೆಯನ್ನು ತೋರಿಸಿದ.

"ತೋಡ್ ಆಗ ಇಲ್ಲಿ ಇದ್ದೇ ಇಲ್ಲೆ ಮಾರಾಯಾ!"

"ಇತ್ತ್. ನಾ ಬಿದ್ದಿದ್ದೆ ಅದ್ರಗೆ."

ಸರ್ವೇಯರು ಇಬ್ಬರ ಮುಖವನ್ನೂ ನೋಡಿ ಸರಪಳಿ ಮಡಚಿದ. "ನೀವಿಬ್ರೂ ಮಾತಾಡ್ಕಂಡ್ ಹೇಳಿ, ಮತ್ತೆ ಬತ್ತೆ." ಗೋಡೆಯ ಮೇಸ್ತ್ರಿ ಆಚೆಯಿಂದ ಇನ್ನೊಂದು ಕಲ್ಲು ಇಟ್ಟು ಅದರ ತಲೆ ತಟ್ಟಿದ.

ಹಿಂದೆ ಅಂಚು ತೋರಿಸಲು ಯಾರೂ ಬೇಕಿರಲಿಲ್ಲ. ಉಳುವಾಗ ನಮ್ಮ ಕೋಣಗಳು ಅಲ್ಲಿಗೆ ಮುಟ್ಟಿದೊಡನೆ, ಯಾರೂ ಹೇಳದೆಯೇ, ತಾವಾಗಿ ತಿರುಗುತ್ತಿದ್ದವು.