ಕಂಬಳಿಯೊಳಗಿನ ಮರಿ, ನಿಲ್ಲದ ರೈಲು

ನಾನು ಚಿಕ್ಕವಳಿದ್ದಾಗ ರೈಲು ನಮ್ಮೂರಲ್ಲೂ ನಿಲ್ಲುತ್ತಿತ್ತು ಅಂದರೆ ಮಕ್ಕಳೇ, ನೀವು ನಂಬುವುದಿಲ್ಲ, ನನಗೆ ಗೊತ್ತು. ಚಳ್ಳಕೆರೆಗೂ ಮೊಳಕಾಲ್ಮುರಿಗೂ ನಡುವೆ, ಈಗ ಜಾಲಿ ಮುಚ್ಚಿಕೊಂಡಿರುವ ಆ ಮುರುಕು ಗೋಡೆಗಳೇ ಸ್ಟೇಷನ್ನು. ಉಗಿಬಂಡಿಯ ಕಾಲದಲ್ಲಿ ಕಟ್ಟಿದ್ದು. ಒಂದು ಟಿಕೆಟ್ ಕಿಂಡಿ, ಒಂದು ಕಲ್ಲುಬೆಂಚು, ಬೇವಿನ ಮರದಡಿ ತಣ್ಣೀರಿನ ಗುಡಾಣ, ಅಷ್ಟೇ. ಮರಕ್ಕೆ ಹಳಿಯ ತುಂಡೊಂದನ್ನು ನೇತುಹಾಕಿದ್ದರು. ಗಾಡಿ ಬರುವ ಮುಂಚೆ ಅದನ್ನು ಬಡಿದರೆ ಊರಿನ ಕೊನೆಯ ಮನೆಗೂ ಕೇಳುತ್ತಿತ್ತು.

ಆ ಗಾಡಿಯಲ್ಲೇ ಅಕ್ಕ ಚಳ್ಳಕೆರೆಯ ಕಾಲೇಜಿಗೆ ಹೋಗುತ್ತಿದ್ದಳು. ಬಸ್ಸಿಗೆ ಹೋಗಬೇಕಾದರೆ ಟಾರು ರಸ್ತೆಯವರೆಗೆ ಅಡವಿಯಲ್ಲಿ ನಡೆಯಬೇಕು. ಹಾಗೆ ಒಬ್ಬಳನ್ನೇ ಕಳಿಸಲು ಅಪ್ಪ ಒಪ್ಪುತ್ತಿರಲಿಲ್ಲ. ರೈಲಿದ್ದರೆ ಓದು, ಇಲ್ಲದಿದ್ದರೆ ಇಲ್ಲ.

ಅಪ್ಪ ಮತ್ತು ಊರಿನ ಕುರಿಗಾರರು ಸಂತೆಗೆ ಹೋಗುತ್ತಿದ್ದುದೂ ಅದರಲ್ಲೇ. ಟಿಕೆಟ್ಟು ತಮಗೆ ಮಾತ್ರ. ಕುರಿಮರಿಗೆ ಹೊಟ್ಟೆ ತುಂಬ ಹಾಲು ಕುಡಿಸಿ ಕಂಬಳಿಯೊಳಗೆ ಅಡಗಿಸಿಕೊಂಡರೆ, ಚಳ್ಳಕೆರೆ ಬರುವವರೆಗೂ ಅದು ಕಮಕ್ ಕಿಮಕ್ ಅನ್ನುತ್ತಿರಲಿಲ್ಲ.

ಒಂದು ಸಂತೆಯ ದಿನ ಕಲ್ಲುಬೆಂಚಿನ ಮೇಲೆ ಯಾರೋ ಹೊಸಬ ಕೂತಿದ್ದ. ಇಸ್ತ್ರಿ ಅಂಗಿ, ಹೊಳೆಯುವ ಬೂಟು. ನಮ್ಮೂರ ಧೂಳು ಯಾರನ್ನೂ ಬಿಡುವುದಿಲ್ಲ, ಇವನನ್ನು ಮಾತ್ರ ಹೇಗೆ ಬಿಟ್ಟಿತು ಎಂದು ನನಗಾಗಲೇ ಅನುಮಾನ. ಅವನು ನನ್ನನ್ನು ಕರೆದು, ಇಲ್ಲಿ ಎಷ್ಟು ಜನ ಹತ್ತುತ್ತಾರೆ, ಏನೇನು ಒಯ್ಯುತ್ತಾರೆ ಎಂದು ಕೇಳಿದ. ನಾನು ಬಾಯಿ ಬಿಡದೆ ಓಡಿಬಂದು ಅಪ್ಪನಿಗೆ ಹೇಳಿದೆ.

ಮರಿ ಹಿಡಿದು ದಂಡ ಹಾಕಲು ಬಂದವನೇ ಇವನು ಎಂದು ಅಪ್ಪ ತೀರ್ಮಾನಿಸಿಬಿಟ್ಟ. ಎಲ್ಲರೂ ಜಾಲಿ ಪೊದೆಯ ಹಿಂದೆ ಕುಕ್ಕರಗಾಲಲ್ಲಿ ಕೂತರು. ಮರಿ ಇಲ್ಲದವರೂ ಕೂತರು. ಅಕ್ಕ ಮಾತ್ರ, ನನ್ನ ಹತ್ತಿರ ಪಾಸಿದೆ, ನಾನ್ಯಾಕೆ ಹೆದರಲಿ ಎಂದು ಸ್ಟೇಷನ್ನಿಗೆ ಹೋದಳು. ಅವನ ಜೊತೆ ಏನೋ ಮಾತಾಡಿದಳು. ಆಮೇಲೆ ಏದುಸಿರು ಬಿಡುತ್ತ ನಮ್ಮ ಕಡೆ ಓಡಿಬಂದಳು.

“ಅಪ್ಪಾ, ಅವ್ರು ಹಿಡಿಯೋಕೆ ಬಂದಿಲ್ಲ, ಜನ ಎಣಿಸೋಕೆ ಬಂದವ್ರೆ. ದೊಡ್ಡ ಹಳಿ ಹಾಕಿದ್ಮ್ಯಾಲೆ ಗಾಡಿ ಇಲ್ಲಿ ನಿಲ್ಬೇಕೋ ಬ್ಯಾಡ್ವೋ ನೋಡ್ತಾರಂತೆ. ಎಲ್ರೂ ಬರ್ರಿ.”

ಅಪ್ಪ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡ. “ಹಿಡಿಯೋಕೆ ಬಂದೋನು, ಹಿಡಿಯೋಕೆ ಬಂದೀನಿ ಅಂತ ಹೇಳ್ತಾನೇನವ್ವ?”

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಅಷ್ಟರಲ್ಲಿ ಹಳಿಯ ತುಂಡು ಢಣಢಣ ಎಂದಿತು. ಗಾಡಿ ಬಂತು, ನಿಂತಿತು. ಅಕ್ಕ ತಿರುಗಿ ತಿರುಗಿ ನೋಡುತ್ತ ಒಬ್ಬಳೇ ಹತ್ತಿದಳು. ಆಗ ಅಪ್ಪನ ಮರಿ ಒಮ್ಮೆ ಅರಚಿತು, ಅಪ್ಪ ಅದರ ಬಾಯಿ ಮುಚ್ಚಿದ. ಆ ಮನುಷ್ಯ ಪೊದೆಯ ಕಡೆ ಸ್ವಲ್ಪ ಹೊತ್ತು ನೋಡಿ, ತಾನೂ ಹತ್ತಿಹೋದ.

ಹಳೆಯ ಕಿರಿದಾದ ಹಳಿ ಕಿತ್ತು, ಈಗಿನ ಅಗಲದ ದೊಡ್ಡ ಹಳಿ ಬಂದ ಮೇಲೆ ಗಾಡಿ ನಮ್ಮೂರಲ್ಲಿ ನಿಲ್ಲಲಿಲ್ಲ. ಅಕ್ಕನ ಪುಸ್ತಕಗಳು ಗೋಡೆಯ ಗೂಡು ಸೇರಿದವು. ಅಪ್ಪ ಮಾತ್ರ ಕೊನೆಯವರೆಗೂ, ಅವನು ಮರಿ ಹಿಡಿಯಲೇ ಬಂದಿದ್ದ ಅನ್ನುತ್ತಿದ್ದ. ಅಕ್ಕನ ಮುಖ ನೋಡಿ ಮಾತ್ರ ಅನ್ನುತ್ತಿರಲಿಲ್ಲ.

ಈಗ ರೈಲು ಎಲ್ಲಿದೆ, ಎಲ್ಲೆಲ್ಲಿ ನಿಲ್ಲುತ್ತದೆ ಎಂದು ನಿಮ್ಮ ಫೋನೇ ತೋರಿಸುತ್ತದೆ. ಅದರಲ್ಲಿ ನಮ್ಮೂರಿನ ಹೆಸರು ಹುಡುಕಿ ಹುಡುಕಿ ನೀವು ಸೋತಿರಿ. ಹೊಸಬರ ಹತ್ತಿರ ಮಾತಾಡಬೇಡಿ ಎಂದು ನಿಮ್ಮ ಶಾಲೆಯಲ್ಲಿ ಹೇಳಿಕೊಡುತ್ತಾರೆ, ಅದೂ ಸರಿಯೇ. ಬೂಟು ಹೊಳೆಯುವವರನ್ನು ಕಂಡರೆ ನನಗೆ ಈಗಲೂ ಅನುಮಾನವೇ. ಆದರೂ ನಾಳೆ ರೈಲು ಕೂಗಿದಾಗ, ಕೈ ಬೀಸಲು ಓಡುವ ಮುಂಚೆ, ಹಿತ್ತಲಲ್ಲಿ ಶೇಂಗಾ ಸುಲಿಯುವ ನಿಮ್ಮ ದೊಡ್ಡಜ್ಜಿಯನ್ನು ಒಮ್ಮೆ ನೋಡಿ. ಆ ಅಕ್ಕ ಅವಳೇ. ಗಾಡಿ ದಾಟಿಹೋಗುವವರೆಗೂ ಅವಳು ಶೇಂಗಾ ಸುಲಿಯುವುದಿಲ್ಲ.