ಚಕ್ರವರ್ತಿಯ ತಮ್ಮನ ಕಣ್ಣು

ಐವತ್ತರ ದಶಕದ ಕೊನೆಯಲ್ಲಿ ನಾನು ಮಂಗಳೂರಿನಲ್ಲಿ ಪಾದ್ರಿಗಳು ನಡೆಸುತ್ತಿದ್ದ ಒಂದು ಬೋರ್ಡಿಂಗಿನಲ್ಲಿದ್ದೆ. ತಾಯಿ ತೀರಿಕೊಂಡಿದ್ದರು, ತಂದೆ ಬಹ್ರೈನಿನಲ್ಲಿದ್ದರು. ಐದಕ್ಕೆ ಏಳುವುದು, ಐದೂಕಾಲಿಗೆ ತಣ್ಣೀರು ಸ್ನಾನ, ಹನ್ನೆರಡೂವರೆಗೆ ಊಟ. ಉಣ್ಣುವಾಗ ಯಾರೂ ಸದ್ದು ಮಾಡಬಾರದು. ಒಬ್ಬ ಹುಡುಗ ನಿಂತು ಗಟ್ಟಿಯಾಗಿ ಪುಸ್ತಕ ಓದಬೇಕು; ಉಳಿದವರು ಎದ್ದ ಮೇಲೆ ಒಬ್ಬನೇ ಕೂತು ಉಣ್ಣಬೇಕು. ಬರೆದದ್ದನ್ನು ಬಿಟ್ಟು ಓದಿದರೆ ಕೆಲಸ ಹೋಯಿತು. ಓದುವ ಆ ಕೆಲಸ ಯಾರಿಗೂ ಬೇಡವಾಗಿತ್ತು. ನಾನು ಕೇಳಿ ಪಡೆದೆ. ಇಡೀ ದಿನದಲ್ಲಿ ನನ್ನ ಧ್ವನಿಗೆ ಯಾರಾದರೂ ಕಿವಿಗೊಡುತ್ತಿದ್ದದ್ದು ಆ ಇಪ್ಪತ್ತು ನಿಮಿಷ ಮಾತ್ರ.

ಆ ವರ್ಷ ಓದಿದ್ದು ನಮ್ಮ ಮುದಿ ಫಾದರ್ ಬರೆದ ನೋಟ್‌ಪುಸ್ತಕ. ಕಾನ್‌ಸ್ಟಾಂಟಿನೋಪಲಿನ ಸಾಮ್ರಾಜ್ಯಕ್ಕೆ ತಲೆಮಾರುಗಳ ಕಾಲ ಸೇನಾಪತಿಗಳನ್ನು ಕೊಟ್ಟ ಒಂದು ಮನೆತನದ ಕಥೆಯನ್ನು ಅವರು ಹಳೆಯ ಗ್ರಂಥಗಳಿಂದ ಕನ್ನಡಕ್ಕೆ ಇಳಿಸಿದ್ದರು. ಬರೆದು ಮುಗಿಸುವ ಹೊತ್ತಿಗೆ ಕಣ್ಣು ಮಂಜಾಗಿ, ತಮ್ಮ ಅಕ್ಷರವೇ ತಮಗೆ ಕಾಣದಂತಾಗಿತ್ತು. ಅನ್ನ ಕಲಸುತ್ತ, ನನ್ನ ಕಡೆ ಮುಖವೆತ್ತಿ ಕೇಳುತ್ತಿದ್ದರು.

ಹುಡುಗರಿಗೂ ಕಥೆ ಹಿಡಿಸಿತ್ತು. "ಏ ರೇಡಿಯೋ, ಇವತ್ತು ಯಾರ ತಲೆ ಹೋಗ್ತದೆ ಮಾರಾಯ?" ಎಂದು ಬಾಗಿಲಲ್ಲಿ ಕೇಳುವರು. ಉತ್ತರಕ್ಕೆ ನಿಲ್ಲುತ್ತಿರಲಿಲ್ಲ.

ಆ ಮನೆತನದ ಅಣ್ಣತಮ್ಮಂದಿರಲ್ಲಿ ಅಣ್ಣ ಚಕ್ರವರ್ತಿಯಾದ. ಸೋದರಳಿಯನೇ ಅವನನ್ನು ಕೊಂದು ಪಟ್ಟವೇರಿದ. ಸತ್ತ ಚಕ್ರವರ್ತಿಯ ತಮ್ಮನ ಕಣ್ಣು ಕೀಳಲು ಆಜ್ಞೆಯಾಯಿತು. ಆದರೆ ಕೀಳಬೇಕಾದವರು ಗುಟ್ಟಿನಲ್ಲಿ ದೃಷ್ಟಿ ಉಳಿಸಿ ಬಿಟ್ಟರು. ಆತ ಮತ್ತೆ ಸಂಚು ಹೂಡಿ ಸಿಕ್ಕಿಬಿದ್ದ. ಪುಟ ತಿರುಗಿಸಿದೆ. ಈ ಸಲ ನಿಜವಾಗಿ ಕಿತ್ತಿದ್ದರು. ಎದುರಿಗೆ ಫಾದರ್ ಮುಖವೆತ್ತಿದ್ದರು. ನಾನು ಆ ಪುಟ ಬಿಟ್ಟು ಮುಂದಿನ ಯುದ್ಧಕ್ಕೆ ಹಾರಿದೆ. ಬರೆದವರಿಂದಲೇ ಬರೆದದ್ದನ್ನು ಮುಚ್ಚಿಟ್ಟೆ.

ಎಲ್ಲರೂ ಹೋದ ಮೇಲೆ ನಾನು ಉಣ್ಣುತ್ತಿದ್ದಾಗ ಫಾದರ್ ಬೆಂಚು ತಡವಿಕೊಂಡು ಬಂದು ಎದುರು ಕೂತರು.

"ಪುತಾ," ಎಂದರು, ಕೊಂಕಣಿಯಲ್ಲಿ ಮಗನನ್ನು ಕರೆಯುವಂತೆ. "ಅವನ ಕಣ್ಣು ನೀನು ಉಳಿಸಿದ್ಯಾ?"

"ಹೌದು ಫಾದರ್."

"ಎಂತಕ್ಕೆ? ನನ್ನದು ಹೋಗ್ತಾ ಉಂಟು ಅಂತಲಾ?"

ನಾನು ಅನ್ನ ಕಲಸತೊಡಗಿದೆ. ಅವರು ನಕ್ಕರು. "ಅವನು ಸಂಚು ಮಾಡಿದವ. ನಾನು ಎಂತ ಸಂಚು ಮಾಡಿದ್ದೇನೆ ಮಾರಾಯ? ಓದು, ಆ ಪುಟ."

ಓದಿದೆ. ಸಾರು ಆರಿತು. ಆ ಬೋರ್ಡಿಂಗಿನಲ್ಲಿ ನಾನು ಉಣ್ಣುವಾಗ ಎದುರು ಒಬ್ಬರು ಕೂತು ಮಾತಾಡಿದ್ದು ಅದೊಂದೇ ದಿನ.

ಮುಗಿದ ಮೇಲೆ ಅವರು ಎದ್ದರು. "ಬಿಟ್ಟು ಓದಿದವ ಮತ್ತೆ ಓದುವ ಹಾಗಿಲ್ಲ. ನಿನಗೂ ಗೊತ್ತುಂಟು. ನಾಳೆಯಿಂದ ಬೇರೆಯವ ಓದ್ತಾನೆ."

ಮರುದಿನ ಎಲ್ಲರ ನಡುವೆ ಬೆಂಚಿನಲ್ಲಿ ಕೂತೆ. ಹೊಸಬ ತಪ್ಪಿಲ್ಲದೆ ಓದಿದ. ಫಾದರ್ ಮುಖ ಅವನ ಕಡೆಗಿರಲಿಲ್ಲ. ನಾನೆಲ್ಲಿ ಎಂದು ಹುಡುಕುವಂತೆ ಬೆಂಚುಗಳ ಸಾಲಿನುದ್ದಕ್ಕೂ ನಿಧಾನವಾಗಿ ತಿರುಗುತ್ತಿತ್ತು. ಒಮ್ಮೆ ಕೆಮ್ಮಿದ್ದರೆ ಸಾಕಿತ್ತು. ಆದರೆ ಉಣ್ಣುವಾಗ ಸದ್ದು ಮಾಡಬಾರದೆಂಬ ನಿಯಮವಿತ್ತು. ನಾನು ಕೆಮ್ಮಲಿಲ್ಲ.